ತೆಗೆದ ಪಟ್ಟಿಯನ್ನೂ ಒಮ್ಮೆ ತೆರೆದು ನೋಡಿ

"ಮೇಡಂ, ಡ್ಯೂಪ್ಲಿಕೇಟ್ ಎಲ್ಲ ತೆಗೆದಾಯ್ತು, ಒಂದೇ ಕ್ಲಿಕ್!" ಬೆಂಗಳೂರಿನ ಮೆಡಿಕಲ್ ಕಾಲೇಜೊಂದರ ಲೈಬ್ರರಿಯಲ್ಲಿ ಕೂತ ನನಗೆ ಈ ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. ಪ್ರತಿ ಸಲವೂ ಒಂದೇ ಪ್ರಶ್ನೆ ಹಾಕುತ್ತೇನೆ: ಏನೇನು ಹೋಯ್ತು, ನೋಡಿದಿರಾ?

ಸಿಸ್ಟಮ್ಯಾಟಿಕ್ ರಿವ್ಯೂ ಅಂದರೆ ಒಂದು ಪ್ರಶ್ನೆಯ ಮೇಲೆ ಬಂದ ಅಧ್ಯಯನಗಳನ್ನೆಲ್ಲ ಹುಡುಕಿ ಒಟ್ಟಿಗೆ ಪರಿಶೀಲಿಸುವುದು. ಅದಕ್ಕೆ ಪಬ್‌ಮೆಡ್, ಎಂಬೇಸ್, ಸ್ಕೋಪಸ್ ಎಂಬ ಸಂಶೋಧನಾ ಲೇಖನಗಳ ಡೇಟಾಬೇಸ್ ಮೂರರಲ್ಲೂ ಹುಡುಕಿದರೆ ಒಂದೇ ಲೇಖನ ಮೂರು ಸಲ ಬರುತ್ತದೆ. ಸಾವಿರಗಟ್ಟಲೆ ಸಾಲುಗಳನ್ನು ಕೈಯಲ್ಲೇ ಹೋಲಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಸಾಫ್ಟ್‌ವೇರ್ ಬೇಕೇ ಬೇಕು. ಆದರೆ ಅದು ಲೇಖನ ಓದುವುದಿಲ್ಲ. ಶೀರ್ಷಿಕೆ, ಲೇಖಕರು, ವರ್ಷ, ಪುಟ, ಡಿಒಐ (ಲೇಖನಕ್ಕೆ ಕೊಡುವ ಡಿಜಿಟಲ್ ಗುರುತಿನ ಸಂಖ್ಯೆ) ಹೋಲಿಸುತ್ತದೆ, ಅಷ್ಟೇ.

ನಮ್ಮ ಹೆಸರುಗಳನ್ನೇ ನೋಡಿ. ರಮೇಶ್ ಬಿ. ಎಸ್. ಅನ್ನುವವರು ಒಂದು ಕಡೆ 'ರಮೇಶ್ ಬಿಎಸ್', ಇನ್ನೊಂದು ಕಡೆ 'ಎಸ್ ಆರ್‌ಬಿ' ಆಗಿರುತ್ತಾರೆ. ಪಬ್‌ಮೆಡ್‌ನಲ್ಲಿ ಪುಟ 345-52 ಅಂತಿದ್ದರೆ ಎಂಬೇಸ್‌ನಲ್ಲಿ 345-352. ಹೀಗಾಗಿ ಕೆಲವು ಜೋಡಿಗಳು ತಪ್ಪಿಸಿಕೊಳ್ಳುತ್ತವೆ. ತಪ್ಪಿಸಿಕೊಳ್ಳಲಿ ಬಿಡಿ. ಸ್ಕ್ರೀನಿಂಗ್ ಮಾಡುವಾಗ, ಅಂದರೆ ಯಾವ ಲೇಖನ ಬೇಕು ಯಾವುದು ಬೇಡ ಅಂತ ಒಂದೊಂದಾಗಿ ನೋಡುವಾಗ, ಕಣ್ಣಿಗೆ ಬಿದ್ದರೆ ಅರ್ಧ ನಿಮಿಷದ ಕೆಲಸ.

ಬೇರೆ ಲೇಖನವನ್ನು ಅದೇ ಅಂದುಕೊಂಡು ತೆಗೆದರೆ? ಅದು ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲದ್ದನ್ನು ಹುಡುಕುವವರು ಯಾರು? ಭಯ ಪಡಬೇಕಾದದ್ದು ಇದಕ್ಕೆ. ನಮ್ಮ ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿಗಳು ಭಯ ಪಡುವುದು ಮಾತ್ರ ಉಳಿದುಹೋದ ಡ್ಯೂಪ್ಲಿಕೇಟ್‌ಗೆ.

ಮಕ್ಕಳ ವಿಭಾಗದ ಒಬ್ಬ ಪಿಜಿ ಹುಡುಗಿಯ ಜತೆ ಒಮ್ಮೆ ಸಾಫ್ಟ್‌ವೇರ್ ತೆಗೆದುಹಾಕಿದ ಲೇಖನಗಳ ಪಟ್ಟಿ ತೆರೆದು ಕೂತಿದ್ದೆ. ಅಕ್ಕಪಕ್ಕ ಎರಡು ಸಾಲು. ಅದೇ ಶೀರ್ಷಿಕೆ, ಅದೇ ಲೇಖಕರು, ಅದೇ ವರ್ಷ. ಕೊನೆಯಲ್ಲಿ ಮಾತ್ರ ಒಂದಕ್ಕೆ 'ಭಾಗ 1', ಇನ್ನೊಂದಕ್ಕೆ 'ಭಾಗ 2'. ಅವಳಿಗೆ ಬೇಕಾದ ಆರು ತಿಂಗಳ ಫಲಿತಾಂಶ ಇದ್ದದ್ದು ಹೊರಹೋದ ಎರಡನೇ ಭಾಗದಲ್ಲೇ! "ಅಯ್ಯೋ ಮೇಡಂ" ಅಂದವಳು ಸಂಜೆವರೆಗೂ ಕೂತು ಉಳಿದದ್ದನ್ನೂ ನೋಡಿ ಮುಗಿಸಿದಳು. ಇಂಥ ಮಕ್ಕಳನ್ನು ಕಂಡರೆ ನನಗೆ ಪ್ರೀತಿ.

ಇನ್ನು ಒಂದೇ ಅಧ್ಯಯನ ಸಮ್ಮೇಳನದ ಸಾರಾಂಶವಾಗಿಯೂ ಪೂರ್ತಿ ಲೇಖನವಾಗಿಯೂ ಬಂದಿದ್ದರೆ ಅದು ಡ್ಯೂಪ್ಲಿಕೇಟ್ ಅಲ್ಲ. ಎರಡನ್ನೂ ಇಟ್ಟುಕೊಂಡು ಒಂದೇ ಅಧ್ಯಯನದ ಕೆಳಗೆ ಸೇರಿಸಿ, ರೋಗಿಗಳನ್ನು ಮಾತ್ರ ಒಂದೇ ಸಲ ಎಣಿಸಿ. ಆಪರೇಷನ್ ನಂತರದ ವಾಂತಿಗೆ ಕೊಡುವ ಆಂಡಾನ್ಸೆಟ್ರಾನ್ ಬಗ್ಗೆ 1997ರಲ್ಲಿ ಬಿಎಂಜೆ ಎಂಬ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಅದರ ಪ್ರಕಾರ, ಅದೇ ರೋಗಿಗಳ ಮಾಹಿತಿ ಬೇರೆ ಬೇರೆ ಲೇಖನಗಳಿಂದ ಮತ್ತೆ ಲೆಕ್ಕಕ್ಕೆ ಸೇರಿ, ಔಷಧದ ಪರಿಣಾಮ ಶೇ 23ರಷ್ಟು ಜಾಸ್ತಿ ಕಂಡಿತ್ತು. ಅಲ್ಲಿ ಶೀರ್ಷಿಕೆ ಹೋಲಿಸಿ ಪ್ರಯೋಜನವಿಲ್ಲ, ಓದಲೇಬೇಕು.

ಡಿಒಐ ಒಂದೇ ಇದ್ದರೆ ಸಾಮಾನ್ಯವಾಗಿ ಸಾಫ್ಟ್‌ವೇರ್ ಮಾತು ನಂಬಬಹುದು. ಸಾರಾಂಶಗಳ ವಿಷಯದಲ್ಲಿ ಮಾತ್ರ ಹುಷಾರು, ಇಡೀ ಸಂಚಿಕೆಗೆ ಒಂದೇ ಡಿಒಐ ಇರುವುದೂ ಉಂಟು. ಮೂಲ ಫೈಲ್ ಅಳಿಸಬೇಡಿ. ತೆಗೆದವನ್ನು ಬೇರೆ ಪಟ್ಟಿ ಮಾಡಿ, ಶೀರ್ಷಿಕೆ ಪ್ರಕಾರ ಜೋಡಿಸಿಕೊಂಡು ತನ್ನಿ. ಮಧ್ಯಾಹ್ನ ಮೂರರ ಮೇಲೆ ನಾನು ಇರುತ್ತೇನೆ, ಜತೆಗೇ ಕೂತು ನೋಡೋಣ.