ಹೊಸ ಯುದ್ಧವಿಮಾನ ಬೇಕಾ? ಮೊದಲು ಎಂಜಿನ್ ಕಥೆ ಕೇಳಿ

ಕೊಡಗಿನಲ್ಲಿ ಯುದ್ಧವಿಮಾನದ ಮಾತು ಬಂದರೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹೆಸರು ಬಂದೇ ಬರುತ್ತದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದಾಗ ಅವರ ಕೈಯಲ್ಲಿದ್ದದ್ದು ಫ್ರಾನ್ಸಿನ ಮಿಸ್ಟೇರ್ ವಿಮಾನ. ಎದುರು ಬಂದದ್ದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುವ, ಪಾಕಿಸ್ತಾನಕ್ಕೆ ಅಮೆರಿಕ ಕೊಟ್ಟಿದ್ದ ಸ್ಟಾರ್‌ಫೈಟರ್. ಆದರೂ ಕೆಡವಿದರು. ಮಹಾವೀರ ಚಕ್ರ ಬಂದದ್ದು ಮಾತ್ರ 1988ರಲ್ಲಿ. ಇದನ್ನೇ ಹಿಡಿದುಕೊಂಡು 'ವಿಮಾನ ಯಾವುದಾದರೇನು, ಓಡಿಸುವವನಿಗೆ ಗುಂಡಿಗೆ ಇರಬೇಕು' ಎನ್ನುವವರು ನಮ್ಮಲ್ಲಿ ಜಾಸ್ತಿ. ಆದರೆ ದೇವಯ್ಯ ವಾಪಸ್ ಬರಲಿಲ್ಲ ಅಲ್ವಾ?

ಈಗಿನ ಚರ್ಚೆ ಎಎಂಸಿಎ ಅನ್ನುವ, ನಾವೇ ರೂಪಿಸುತ್ತಿರುವ ಹೊಸ ಯುದ್ಧವಿಮಾನದ ಬಗ್ಗೆ. ರೇಡಾರ್‌ಗೆ ಸುಲಭಕ್ಕೆ ಸಿಗದ, ಕ್ಷಿಪಣಿಗಳನ್ನು ಹೊಟ್ಟೆಯೊಳಗೇ ಇಟ್ಟುಕೊಳ್ಳುವ ವಿಮಾನ ಇದು. ವಿನ್ಯಾಸಕ್ಕೆ ಮತ್ತು ಐದು ಪ್ರಾಯೋಗಿಕ ವಿಮಾನಗಳಿಗೆ 2024ರ ಮಾರ್ಚ್‌ನಲ್ಲಿ ಕೇಂದ್ರ ಸುಮಾರು 15,000 ಕೋಟಿ ರೂಪಾಯಿ ಒಪ್ಪಿತು. ವಾಯುಪಡೆಗೆ ಸೇರುವುದು 2035ರ ಆಸುಪಾಸು. ಡ್ರೋನ್ ಕಾಲದಲ್ಲಿ ಇಷ್ಟು ದುಡ್ಡು ಸುರಿಯಬೇಕಾ ಅಂತ ಕೇಳುವುದು ಸಹಜ.

ಹಿಂದೆ ಏನಾಯ್ತು ನೋಡಿ. ಜರ್ಮನಿಯ ಕುರ್ಟ್ ಟ್ಯಾಂಕ್ ನಮಗಾಗಿ ರೂಪಿಸಿದ ಮಾರುತ್ 1961ರಲ್ಲಿ ಬೆಂಗಳೂರಿನಲ್ಲಿ ಹಾರಿತು. ಮೈಕಟ್ಟು ಚೆನ್ನಾಗಿತ್ತು, ತಕ್ಕ ಎಂಜಿನ್ ಸಿಗಲಿಲ್ಲ. ಶಬ್ದವನ್ನು ಮೀರಲೆಂದೇ ರೂಪಿಸಿದ ವಿಮಾನ ಕೊನೆಯವರೆಗೂ ಕಡಿಮೆ ಬಲದ ಎಂಜಿನ್‌ನಲ್ಲೇ ಏಗಿತು. ಆಮೇಲೆ 1983ರಲ್ಲಿ ಈಗಿನ ತೇಜಸ್ ಯೋಜನೆ ಶುರುವಾಯಿತು. ಮೊದಲು ಹಾರಿದ್ದು 2001ರಲ್ಲಿ, ಸ್ಕ್ವಾಡ್ರನ್ (ವಾಯುಪಡೆಯ ವಿಮಾನಗಳ ತಂಡ) ಕಟ್ಟಿದ್ದು 2016ರಲ್ಲಿ. ಅದಕ್ಕಾಗಿ ಮಾಡಹೊರಟ ಕಾವೇರಿ ಎಂಜಿನ್ (ನಮ್ಮ ತಲಕಾವೇರಿಯ ನದಿಯದೇ ಹೆಸರು, ಹರಿವು ಮಾತ್ರ ಬರಲಿಲ್ಲ) ಬೇಕಾದಷ್ಟು ಬಲ ಕೊಡದೆ ಹಿಂದೆ ಬಿತ್ತು. ಕೊನೆಗೆ ಅಮೆರಿಕದ ಎಂಜಿನ್ ಹಾಕಿದರು. 2021ರಲ್ಲಿ 83 ತೇಜಸ್ ಮಾರ್ಕ್-1ಎಗೆ ಆರ್ಡರ್ ಕೊಟ್ಟೆವು, ಅದರ ಮೊದಲ ಎಂಜಿನ್ ಅಲ್ಲಿಂದ ಬಂದದ್ದು 2025ರ ಮಾರ್ಚ್‌ನಲ್ಲಿ!

ನಡುವೆ ರಷ್ಯಾದ ಜೊತೆ ಸೇರಿ ಎಎಂಸಿಎಯಂಥದೇ ವಿಮಾನ ಮಾಡುವ ಯೋಜನೆಯೂ ಇತ್ತು. 2018ರಲ್ಲಿ ಕೈಬಿಟ್ಟೆವು.

ಈ ಕಡೆ 42 ಸ್ಕ್ವಾಡ್ರನ್ ಬೇಕು ಅನ್ನುವ ವಾಯುಪಡೆ, 2025ರ ಸೆಪ್ಟೆಂಬರ್‌ನಲ್ಲಿ ಮಿಗ್-21ಕ್ಕೆ ವಿದಾಯ ಹೇಳಿದ ಮೇಲೆ 29ಕ್ಕೆ ಇಳಿದಿದೆ. ರೇಡಾರ್ ಕಣ್ಣು ತಪ್ಪಿಸುವ ಚೀನಾದ ಜೆ-20 ವಿಮಾನ 2017ರಿಂದಲೇ ಸೇವೆಯಲ್ಲಿದೆ. ಡ್ರೋನ್ ಅಗ್ಗ, ಉಪಯೋಗವೂ ಇದೆ, ಉಕ್ರೇನ್‌ನಲ್ಲಿ ನೋಡಿದ್ದೇವೆ. ಆದರೆ ಭಾರದ ಕ್ಷಿಪಣಿ ಹೊತ್ತು ದೂರ ಹೋಗುವ, ಶತ್ರು ವಿಮಾನವನ್ನು ಆಕಾಶದಲ್ಲೇ ತಡೆಯುವ ಕೆಲಸ ಅಗ್ಗದ ಡ್ರೋನ್‌ನಿಂದ ಆಗುವುದಲ್ಲ.

ಹಾಗಾಗಿ ವಿಮಾನ ಬೇಕು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಅನುಮಾನ ಇರುವುದು ಎಂಜಿನ್ ಬಗ್ಗೆ. ಎಎಂಸಿಎಯ ಮೊದಲ ಮಾದರಿಗೂ ಅಮೆರಿಕದ ಎಂಜಿನ್ನೇ ಗತಿ. ಮುಂದಿನದಕ್ಕೆ ಫ್ರಾನ್ಸಿನ ಸಫ್ರಾನ್ ಕಂಪನಿ ಜೊತೆ ಸೇರಿ ಇಲ್ಲೇ ಎಂಜಿನ್ ಮಾಡುತ್ತೇವೆ ಅಂತ ರಕ್ಷಣಾ ಸಚಿವರು 2025ರಲ್ಲಿ ಹೇಳಿದ್ದಾರೆ. ವಿಮಾನದ ಬೆಲೆ ಕೇಳಿ ಗಾಬರಿಯಾಗುವವರು ಸುಮ್ನೆ ಆ ಮೊತ್ತ ನೋಡುವ ಬದಲು, ಎಂಜಿನ್‌ನ ಬಿಸಿ ಭಾಗಗಳನ್ನು ಎರಕ ಹೊಯ್ಯುವ ವಿದ್ಯೆಯನ್ನು ಫ್ರಾನ್ಸ್ ನಿಜವಾಗಿ ಕೊಡುತ್ತದಾ, ಇಲ್ಲ ಬಿಡಿಭಾಗ ಕಳಿಸಿ ಜೋಡಿಸಿಕೊಳ್ಳಿ ಅನ್ನುತ್ತದಾ ಅಂತ ಸರ್ಕಾರವನ್ನು ಕೇಳಲಿ.