ಗಣಿ ಕಂಪನಿ ಗಿಡ ನೆಟ್ಟಿದ್ದು ಯಾವಾಗ?

2008ರ ಸುಮಾರಿಗೆ ಹೊಸಪೇಟೆಯಿಂದ ಸಂಡೂರಿಗೆ ಬಸ್ಸಿನಲ್ಲಿ ಹೋದವರಿಗೆ ನೆನಪಿರಬೇಕು. ಹತ್ತುವಾಗ ಬಿಳಿಯಾಗಿದ್ದ ಅಂಗಿ ಇಳಿಯುವಾಗ ಬಿಳಿ ಇರುತ್ತಿರಲಿಲ್ಲ. ಸಾಲುಗಟ್ಟಿದ ಕಬ್ಬಿಣದ ಅದಿರಿನ ಲಾರಿಗಳು. ಬೇವಿನ ಎಲೆ ಕೆಂಪು, ಜೋಳದ ತೆನೆ ಕೆಂಪು. ಮಳೆ ಬಂತೆಂದರೆ ಡಂಪಿನ, ಅಂದರೆ ಗಣಿ ತ್ಯಾಜ್ಯದ ರಾಶಿಯ, ಮಣ್ಣು ಹಳ್ಳಕ್ಕೆ ಇಳಿದು ನಾರಿಹಳ್ಳ ಜಲಾಶಯದ ಕಡೆ ಹರಿಯುತ್ತಿತ್ತು.

ಆಗ ಕಾನೂನು ಇರಲಿಲ್ವಾ? ಇತ್ತು. ಅರಣ್ಯ ಸಂರಕ್ಷಣಾ ಕಾಯ್ದೆ 1980ರದು, ಪರಿಸರ ಸಂರಕ್ಷಣಾ ಕಾಯ್ದೆ 1986ರದು. ಆದರೆ ಅವುಗಳಿಗಿಂತ ಜೋರಾಗಿ ಎಳೆಯುತ್ತಿದ್ದ ಕೈ ಬೇರೆ ಇತ್ತು. ಚೀನಾದ ಉಕ್ಕಿನ ಕಾರ್ಖಾನೆಗಳಿಗೆ ಎಷ್ಟು ಅದಿರು ಹೋದರೂ ಸಾಲುತ್ತಿರಲಿಲ್ಲ. ನಮ್ಮ ಗಣಿಗಳಲ್ಲಿ ಅದಿರಿನ ಪುಡಿ ಒಂದು ಕಾಲಕ್ಕೆ ಬೇಡದ ವಸ್ತು. ಪಕ್ಕಕ್ಕೆ ರಾಶಿ ಹಾಕಿ ಸುಮ್ನೆ ಬಿಟ್ಟಿರುತ್ತಿದ್ದರು. ಆ ಪುಡಿಗೇ ಚಿನ್ನದ ಬೆಲೆ ಬಂತು. ಬೆಲೆ ಏರಿದಷ್ಟೂ ಗುತ್ತಿಗೆಯ ಗಡಿಕಲ್ಲುಗಳು ಕಾಡಿನೊಳಗೆ ಸರಿದವು. ಹೊರಗಿನ ಒತ್ತಡ ಅಂದರೆ ಯಾವಾಗಲೂ ಒಳ್ಳೆಯದಕ್ಕೇ ಅಂತ ತಿಳಿಯಬಾರದು. ಬಳ್ಳಾರಿಯ ಗುಡ್ಡ ಕರಗಿಸಿದ್ದೂ ಹೊರಗಿನ ಒತ್ತಡವೇ.

ಎದುರು ಒತ್ತಡ ನಿಧಾನವಾಗಿ ಕಟ್ಟಿಕೊಂಡಿತು. ಅಕ್ರಮ ಗಣಿಗಾರಿಕೆ ಕುರಿತು ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಮೊದಲ ವರದಿ ಬಂದದ್ದು 2008ರ ಡಿಸೆಂಬರ್‌ನಲ್ಲಿ. 2009ರಲ್ಲಿ ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ರಾಜ್ಯ ಸರ್ಕಾರ 2010ರಲ್ಲಿ ರಫ್ತು ತಡೆಯಿತು. 2011ರ ಜುಲೈನಲ್ಲಿ ಲೋಕಾಯುಕ್ತರ ಎರಡನೇ ವರದಿ ಬಂದ ಎರಡೇ ದಿನಕ್ಕೆ, 29ರಂದು, ಬಳ್ಳಾರಿಯ ಗಣಿಗಾರಿಕೆಯನ್ನೇ ಕೋರ್ಟು ನಿಲ್ಲಿಸಿತು.

ಮುಂದೆ ನಡೆದದ್ದನ್ನು ನಿಧಾನವಾಗಿ ನೋಡಬೇಕು. ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿ ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಗಣಿಗಳನ್ನು ಅಕ್ರಮದ ಪ್ರಮಾಣ ನೋಡಿ ಎ, ಬಿ, ಸಿ ಅಂತ ವಿಂಗಡಿಸಿತು. ಗಡಿ ದಾಟಿ ಜಾಸ್ತಿ ಅಕ್ರಮ ಮಾಡಿದ ಸಿ ವರ್ಗದ ಗುತ್ತಿಗೆಗಳು 2013ರ ಏಪ್ರಿಲ್ ತೀರ್ಪಿನಲ್ಲಿ ರದ್ದಾದವು. ಬಿ ವರ್ಗದವರು ಅಕ್ರಮವಾಗಿ ತೋಡಿದ ಗುಂಡಿಗೆ ಹೆಕ್ಟೇರಿಗೆ 5 ಕೋಟಿ ರೂಪಾಯಿ, ಅಕ್ರಮವಾಗಿ ಮಣ್ಣು ಸುರಿದ ಜಾಗಕ್ಕೆ ಹೆಕ್ಟೇರಿಗೆ 1 ಕೋಟಿ ಕಟ್ಟಬೇಕಾಯಿತು. ಬಳ್ಳಾರಿಯಲ್ಲಿ ವರ್ಷಕ್ಕೆ ಎರಡೂವರೆ ಕೋಟಿ ಟನ್ನಿಗಿಂತ ಹೆಚ್ಚು ಅದಿರು ತೆಗೆಯುವಂತಿಲ್ಲ ಎಂಬ ಮಿತಿಯೂ ಬಂತು. ಪ್ರತಿ ಗಣಿಗೂ ಒಂದು ಪುನಶ್ಚೇತನ ಯೋಜನೆ: ಚೆಕ್ ಡ್ಯಾಂ, ಡಂಪಿಗೆ ತಡೆಗೋಡೆ, ಇಳಿಜಾರಿಗೆ ಗಿಡ. ಗಣಿ ಮತ್ತೆ ತೆರೆಯಬೇಕಾದರೆ ಈ ಯೋಜನೆಗೆ ಒಪ್ಪಲೇಬೇಕು. 2022ರವರೆಗೆ ಅದಿರನ್ನು ಮಾಲೀಕ ತನಗೆ ಬೇಕಾದವರಿಗೆ ಮಾರುವ ಹಾಗಿರಲಿಲ್ಲ, ಇ-ಹರಾಜಿನಲ್ಲೇ ಹೋಗಬೇಕಿತ್ತು.

ಅಲ್ಲಿಯವರೆಗೆ ನೋಟಿಸಿಗೆ ಬಗ್ಗದವರು ಈಗ ಗೋಡೆ ಕಟ್ಟಿದರು, ಗಿಡ ನೆಟ್ಟರು. ಮನಸ್ಸು ಬದಲಾಯಿತು ಅಂತ ನಾನು ಹೇಳಲಾರೆ. ನೋಟಿಸು, ದಂಡ ಎಲ್ಲವೂ ಅವರಿಗೆ ಖರ್ಚಿನ ಪುಸ್ತಕದ ಒಂದು ಸಾಲು. ಮಾರಾಟ ನಿಂತರೆ ಪುಸ್ತಕವೇ ಮುಚ್ಚುತ್ತದೆ. ಕೋರ್ಟು ಕೈ ಇಟ್ಟಿದ್ದು ಅಲ್ಲಿಗೆ. ಸಂಡೂರಿನ ಗಣಿಗಳಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಈಗ ಅದಿರು ಕನ್ವೇಯರ್ ಬೆಲ್ಟಿನಲ್ಲೂ ಹೋಗುತ್ತದೆ. ಹಾಗೆ ಹೋದಷ್ಟೂ ರಸ್ತೆಯ ಮೇಲೆ ಲಾರಿ ಕಡಿಮೆ.

ನೋವಿನ ಭಾಗವೂ ಇದೆ. ಹರಾಜಿನ ಹಣದಲ್ಲಿ ಎ ವರ್ಗದಿಂದ ಶೇ 10, ಬಿ ವರ್ಗದಿಂದ ಶೇ 15 ಹಿಡಿದು, ಗಣಿಬಾಧಿತ ಊರುಗಳಿಗೆ ಖರ್ಚು ಮಾಡಲು 2014ರಲ್ಲಿ ಒಂದು ನಿಗಮವೇ ಆಯಿತು. ಆದರೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಸಿಗಲು 2022 ಆಯಿತು. ಅಷ್ಟು ವರ್ಷ ಧೂಳು ಕುಡಿದ ಊರುಗಳು ಕಾದವು. ಕಂಪನಿಯ ಮೇಲೆ ಒತ್ತಡ ಹಾಕಲು ಕೋರ್ಟು ಇತ್ತು. ಸರ್ಕಾರದ ಮೇಲೆ ಅಷ್ಟೇ ಜೋರಾಗಿ ಯಾರೂ ಒತ್ತಡ ಹಾಕಲಿಲ್ಲ. ಅದೇ 2022ರಲ್ಲಿ ರಫ್ತಿಗೆ ಮತ್ತೆ ಬಾಗಿಲು ತೆರೆಯಿತು, ಬಳ್ಳಾರಿಯ ಮಿತಿಯೂ ಮೂರೂವರೆ ಕೋಟಿ ಟನ್ನಿಗೆ ಏರಿತು.

ಪಕ್ಕದ ಕೊಪ್ಪಳದವರು ಇದನ್ನೆಲ್ಲ ಕಣ್ಣಾರೆ ಕಂಡವರು. ಗಿಣಿಗೇರಿ ಸುತ್ತಲಿನ ಕಾರ್ಖಾನೆಗಳ ಕರಿ ಬೂದಿ ಅವರ ಮನೆಯ ಮಾಳಿಗೆಯ ಮೇಲೂ ಬೀಳುತ್ತದೆ. ಊರಿನ ಮಗ್ಗುಲಲ್ಲೇ ಇನ್ನೊಂದು ದೊಡ್ಡ ಉಕ್ಕಿನ ಕಾರ್ಖಾನೆ ಅಂದಾಗ ಅವರು ಕೋರ್ಟಿನ ತೀರ್ಪಿಗೆ ಕಾಯಲಿಲ್ಲ. 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಸ್ವಾಮೀಜಿ ಜನರ ಜೊತೆ ಬೀದಿಗಿಳಿದರು. ಮುಂದಿನ ತಿಂಗಳೇ ಕೆಲಸ ನಿಲ್ಲಿಸಲು ಮುಖ್ಯಮಂತ್ರಿ ಸೂಚಿಸಿದರು. ಸಂಡೂರಿನಲ್ಲಿ ತಡೆ ಬಂದದ್ದು ಗುಡ್ಡ ಕರಗಿದ ಮೇಲೆ. ಇಲ್ಲಿ ಹೊಸ ಕುಲುಮೆಗೆ ಬೆಂಕಿ ಬೀಳುವ ಮೊದಲೇ ಬಂತು.