ಆ ಜೋಡಿ ಕಾರ್ಬ್ಯುರೇಟರ್ ಎಲ್ಲಿ?

ಹಳೇ ಕಾರುಗಳ ಪ್ರದರ್ಶನಕ್ಕೆ ಇನ್ನು ಹತ್ತು ದಿನ ಇದೆ ಅನ್ನುವಾಗ ನನಗೆ ಫೋನ್ ಬರಲು ಶುರುವಾಗುತ್ತದೆ. ‘ಸರ್, ಹಳೇ ಮಾಡಿಫಿಕೇಶನ್ ಎಲ್ಲಾ ಬಿಚ್ಚಿಸಿ ಗಾಡೀನ ಒರಿಜಿನಲ್ ಮಾಡಿಸಿಬಿಟ್ಟಿದ್ದೀನಿ.’ ಈ ಮಾತು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಮಾಡಿಸಿದ್ದು ಒರಿಜಿನಲ್ ಹೇಗಾಗುತ್ತದೆ? ಇದ್ದದ್ದು ಒರಿಜಿನಲ್.

ತುಮಕೂರಿನಲ್ಲಿ ಬಿ.ಎಚ್. ರಸ್ತೆಯ ಪಕ್ಕದ ಒಂದು ಗ್ಯಾರೇಜಿನಲ್ಲಿ ನಾನು ಹಳೇ ಗಾಡಿಗಳ ಕೆಲಸ ಮಾಡುತ್ತೇನೆ. ಇಲ್ಲಿ, ಕೋಲಾರದಲ್ಲಿ, ಚಿಕ್ಕಬಳ್ಳಾಪುರದಲ್ಲಿ ಪ್ರದರ್ಶನ ನಡೆದಾಗ ಅಂಕ ಹಾಕಲು ಕರೆಯುತ್ತಾರೆ. ಹೆಚ್ಚಾಗಿ ನನ್ನ ಪಾಲಿಗೆ ಬರುವುದು ಮಾರ್ಪಾಡು ಮಾಡಿದ ಸ್ಪೋರ್ಟ್ಸ್ ಕಾರುಗಳ ಸಾಲು. ರೇಸಿಗೆ, ರ‍್ಯಾಲಿಗೆ ಅಂತ ಯಾವುದೋ ಕಾಲದಲ್ಲಿ ಕೈ ಆಡಿಸಿದ ಗಾಡಿಗಳು. ಪಾಲಿಶ್ ಹೇಗಿರಬೇಕು, ಟೈರ್ ಹೇಗಿರಬೇಕು ಅಂತ ನಾನು ಹೇಳಲು ಹೋಗುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಗೊತ್ತಾಗದೇ ಇರುವುದು ಒಂದೇ, ಅದನ್ನೇ ಇವತ್ತು ಬಿಡಿಸಿ ಹೇಳುತ್ತೇನೆ.

ಮಾರ್ಪಾಡಾದ ಕಾರಿನ ಒರಿಜಿನಾಲಿಟಿ ನೋಡುವಾಗ ನಾವು ಕಂಪನಿಯ ಕ್ಯಾಟಲಾಗ್ ಹಿಡಿದುಕೊಂಡು ಕೂರುವುದಿಲ್ಲ. ನಮಗೆ ಬೇಕಾದದ್ದು ಮೂರು ಸಂಗತಿ. ಆ ಮಾರ್ಪಾಡು ಯಾವ ಕಾಲದ್ದು? ಯಾಕಾಗಿ ಆಯಿತು? ಅವತ್ತು ಆದದ್ದು ಇವತ್ತೂ ಗಾಡಿಯಲ್ಲಿ ಇದೆಯಾ? 1972ರಲ್ಲಿ ಒಬ್ಬ ಮೆಕ್ಯಾನಿಕ್ ರೇಸಿಗೆಂದು ಹಾಕಿದ ಭಾಗ 1972ರ ಒರಿಜಿನಲ್ ಭಾಗ. ಅದನ್ನು ಕಿತ್ತು, ಹೋದ ವರ್ಷ ತಯಾರಾದ ಭಾಗ ಹಾಕಿದರೆ ಡಬ್ಬದ ಮೇಲೆ ‘ಜೆನ್ಯೂನ್’ ಅಂತ ಬರೆದಿರಬಹುದು. ಆ ಕಾರಿಗೆ ಅದು ಹೊಸಬ.

ಇನ್ನೂ ಬಿಡಿಸಿ ಹೇಳುತ್ತೇನೆ. ಅಮೆರಿಕದ 1965ರ ಶೆಲ್ಬಿ ಜಿಟಿ350 ತಗೊಳ್ಳಿ. ಅದು ಮೂಲದಲ್ಲಿ ಫೋರ್ಡ್ ಮಸ್ಟಾಂಗ್. ರೇಸುಗಾರ ಕ್ಯಾರೊಲ್ ಶೆಲ್ಬಿಯ ಕಡೆಯವರು ಅದರ 271 ಅಶ್ವಶಕ್ತಿಯ ಎಂಜಿನ್ನನ್ನು 306ಕ್ಕೆ ಏರಿಸಿದರು. ಹಿಂದಿನ ಸೀಟು ತೆಗೆದು ಆ ಜಾಗದಲ್ಲಿ ಸ್ಟೆಪ್ನಿ ಇಟ್ಟರು. ಈಗ ಯಾರಾದರೂ ‘ಅಯ್ಯೋ ಸೀಟೇ ಇಲ್ವಲ್ಲ’ ಅಂತ ಮಸ್ಟಾಂಗಿನ ಒಳ್ಳೇ ಸೀಟು ತಂದು ಕೂರಿಸಿದರೆ ಏನಾಗುತ್ತದೆ? ಆ ಕಾರಿನ ಬೆಲೆಯೂ ಹೋಯಿತು, ಅಂಕವೂ ಹೋಯಿತು. ಸೀಟು ಇಲ್ಲದಿರುವುದೇ ಆ ಗಾಡಿಯ ಒರಿಜಿನಾಲಿಟಿ. ಇದನ್ನು ಶೆಲ್ಬಿ ವಿಷಯದಲ್ಲಿ ಹೇಳಿದರೆ ಎಲ್ಲರೂ ‘ಹೌದಲ್ವಾ’ ಅಂತ ತಲೆ ಆಡಿಸುತ್ತಾರೆ. ಅದೇ ಮಾತನ್ನು ಅವರ ಅಪ್ಪನ ಫಿಯೆಟ್ಟಿಗೆ ಹೇಳಿದರೆ ಒಪ್ಪುವುದಿಲ್ಲ. ‘ಅದು ಲೋಕಲ್ ಕೆಲಸ ಸರ್’ ಅನ್ನುತ್ತಾರೆ.

ಈ ‘ಲೋಕಲ್’ ಅನ್ನುವ ಮಾತು ಎಷ್ಟು ಒಳ್ಳೇ ಗಾಡಿಗಳನ್ನು ಹಾಳು ಮಾಡಿದೆಯೋ! ಶೆಲ್ಬಿಯ ಕೆಲಸವೂ ಕ್ಯಾಲಿಫೋರ್ನಿಯಾದಲ್ಲಿ ಲೋಕಲ್ ಕೆಲಸವೇ ಆಗಿತ್ತು.

ಶಿಡ್ಲಘಟ್ಟದ ಕಡೆಯ ಒಂದು ಕಾರಿನ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. 1964ರ ಫಿಯೆಟ್ 1100 ಡಿಲೈಟ್, 1089 ಸಿಸಿ ಎಂಜಿನ್. ಮನೆಯ ಯಜಮಾನರು ರೇಷ್ಮೆ ವ್ಯಾಪಾರಿ. ಪ್ರಾಯದಲ್ಲಿ ರೇಸಿನ ಹುಚ್ಚು. ಮದ್ರಾಸಿನ ಹತ್ತಿರ ಶೋಲಾವರಂನಲ್ಲಿ ಯುದ್ಧಕಾಲದ ಹಳೇ ವಿಮಾನದ ಪಟ್ಟಿ ಇತ್ತು. ಇರುಂಗಾಟ್ಟುಕೋಟೈ ಟ್ರ್ಯಾಕ್ 1990ರಲ್ಲಿ ಶುರುವಾಗುವ ತನಕ ದಕ್ಷಿಣದ ರೇಸುಗಾರರು ಹೆಚ್ಚಾಗಿ ಶೋಲಾವರಂಗೇ ಹೋಗುತ್ತಿದ್ದರು. ಇವರೂ ಹೋಗಿದ್ದರು. ಮೂರು ವರ್ಷದ ಹಿಂದೆ ಆ ಗಾಡಿಯನ್ನು ಅವರ ಶೆಡ್ಡಿನಲ್ಲಿ ನೋಡಿದೆ. ಯಜಮಾನರು ತೀರಿಕೊಂಡಿದ್ದರು. ಕಾರಿನ ಮೇಲೆ ಹುಲ್ಲಿನ ಧೂಳು. ಸ್ಟೀರಿಂಗ್ ಪಕ್ಕದ ಗೇರ್ ತೆಗೆದು ಫ್ಲೋರ್ ಗೇರ್ ಮಾಡಿದ್ದರು. ಬಾನೆಟ್ ಎತ್ತಿದರೆ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಎಸ್‌ಯು ಕಂಪನಿಯ ಜೋಡಿ ಕಾರ್ಬ್ಯುರೇಟರ್. ಅವು ಕೂರುವ ಮ್ಯಾನಿಫೋಲ್ಡ್, ಅಂದರೆ ಎಂಜಿನ್ನಿಗೆ ಹೋಗುವ ಕೊಳವೆ, ಕೈಯಲ್ಲೇ ಮಾಡಿದ್ದು. ಗ್ಯಾಸ್ ವೆಲ್ಡಿಂಗಿನ ಸಣ್ಣ ಸಣ್ಣ ಅಲೆ, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು. ಬಲಗಡೆ ಬಾಗಿಲಿನ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದರೆ ಒಂದು ಬಿಳಿ ವೃತ್ತದ ಗುರುತು ಕಾಣುತ್ತಿತ್ತು. ರೇಸಿನ ನಂಬರ್ ಬರೆದಿದ್ದ ಜಾಗ. ಅದರೊಳಗಿನ ಬಣ್ಣಕ್ಕೆ ಬಿಸಿಲು ಕಮ್ಮಿ ಬಿದ್ದಿತ್ತು.

ಮಗನಿಗೆ ಹೇಳಿದೆ, ‘ಏನೂ ಮಾಡಬೇಡಪ್ಪಾ. ಬ್ರೇಕ್ ಸರಿ ಮಾಡಿಸು, ಆಯಿಲ್ ಬದಲಾಯಿಸು, ಹೀಗೇ ತಗೊಂಡು ಬಾ.’

ತಂದ. ಮಿರಿಮಿರಿ ಮಿಂಚುವ ಮೆಟಾಲಿಕ್ ಕೆಂಪು ಬಣ್ಣ. ಹೊಸ ಕ್ರೋಮ್. ಮುಂದೆ ಹೊಸ ಬೆಂಚ್ ಸೀಟು, ಸ್ಟೀರಿಂಗ್ ಪಕ್ಕಕ್ಕೆ ಮತ್ತೆ ಗೇರ್. ಜೂನಿಯರ್ ಕಾಲೇಜು ಮೈದಾನದಲ್ಲಿ ಬೆಳಗಿನ ಬಿಸಿಲಿಗೆ ಗಾಡಿ ಮದುವಣಗಿತ್ತಿಯ ಹಾಗೆ ನಿಂತಿತ್ತು. ಪಕ್ಕದಲ್ಲಿ ಅವನು, ಅವನ ತಾಯಿ. ಮುಖದಲ್ಲಿ ಎಷ್ಟು ಆಸೆ! ನಾನು ಬಾನೆಟ್ ಎತ್ತಿದೆ. ಒಂದೇ ಒಂದು ಸೋಲೆಕ್ಸ್ ಕಾರ್ಬ್ಯುರೇಟರ್.

‘ಆ ಜೋಡಿ ಕಾರ್ಬ್ಯುರೇಟರ್ ಎಲ್ಲಪ್ಪಾ?’

‘ಗುಜರಿಗೆ ಹಾಕಿದೆ ಸರ್. ಒರಿಜಿನಲ್ ಅಲ್ಲ ಅಂದ್ರು.’

ಯಾರು ಅಂದರು ಅಂತ ನಾನು ಕೇಳಲಿಲ್ಲ. ತಾಯಿ ಮೆಲ್ಲಗೆ ಹೇಳಿದರು, ‘ಅವರು ಮನೆಗೆ ಬರ್ತಿದ್ರೆ ಬೀದಿ ತಿರುವಿನಲ್ಲೇ ಗೊತ್ತಾಗ್ತಿತ್ತು ಸ್ವಾಮಿ. ಈಗ ಗಾಡಿ ಸದ್ದು ಹಾಗಿಲ್ಲ.’

ಅಂಕ ಹಾಕುವಾಗ ನನ್ನ ಕೈ ಕಟ್ಟಿತ್ತು. ಮಾರ್ಪಾಡಿನ ಸಾಲಿನಲ್ಲಿ ಕೊಡಲು ಅದರಲ್ಲಿ ಮಾರ್ಪಾಡೇ ಉಳಿದಿಲ್ಲ. ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಗಳ ಸಾಲಿಗೆ ಕಳಿಸೋಣ ಅಂದರೆ ಬಣ್ಣ ಕಂಪನಿಯದಲ್ಲ, ಸೀಟಿನ ಬಟ್ಟೆ ಕಂಪನಿಯದಲ್ಲ. ಗೇರ್‌ಗೆಂದು ಕೊರೆದಿದ್ದ ನೆಲದ ತಗಡಿಗೆ ಹೊಸ ತೇಪೆ. ಅವನು ಖರ್ಚು ಮಾಡಿದ್ದು ನಾಲ್ಕು ಲಕ್ಷದ ಮೇಲೆ. ಸುಮ್ನೆ ಬಿಟ್ಟಿದ್ದರೆ ಅವತ್ತು ಆ ಸಾಲಿನ ಮೊದಲ ಬಹುಮಾನ ಅದಕ್ಕೇ ಅಂತ ನನ್ನ ಅಂದಾಜು. ಖಂಡಿತ ಅನ್ನಲಾರೆ, ಜೊತೆಗೆ ಇನ್ನಿಬ್ಬರು ತೀರ್ಪುಗಾರರಿದ್ದರು.

ಇದು ನನ್ನೊಬ್ಬನ ಹಟ ಅಂದುಕೊಳ್ಳಬೇಡಿ. ಹಳೇ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿವಾ 1966ರಿಂದ ಇದೆ. ಅವರು ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಯನ್ನು ‘ಎ’ ಅಂತ ಗುರುತಿಸುತ್ತಾರೆ. ಅದರ ಕಾಲದಲ್ಲೇ ಮಾರ್ಪಾಡಾದದ್ದು ‘ಬಿ’. ಕಾಲ ಮೀರಿದ ಮೇಲೆ ಮಾರ್ಪಾಡು ಮಾಡಿದ್ದು ‘ಡಿ’. ‘ಬಿ’ ಅಂದರೆ ‘ಎ’ಗಿಂತ ಕೀಳು ಅಂತ ಅರ್ಥವಲ್ಲ. ಅದು ಬೇರೆ ಜಾತಿಯ ಗಾಡಿ, ಅಷ್ಟೇ. ನಮ್ಮವರು ಮಾಡುತ್ತಿರುವುದು ಒಳ್ಳೇ ‘ಬಿ’ಯನ್ನು ಕಿತ್ತು ಕೆಟ್ಟ ‘ಎ’ ಮಾಡುವ ಕೆಲಸ.

ಕಾಲ ಹೇಗೆ ಗೊತ್ತಾಗುತ್ತದೆ ಅಂತ ಕೇಳುತ್ತೀರಿ. ಲೋಹ ಹೇಳುತ್ತದೆ. ಗ್ಯಾಸ್ ವೆಲ್ಡಿಂಗಿನ ಗೆರೆಯೇ ಬೇರೆ, ಈಗಿನ ಸಿಒಟು ವೆಲ್ಡಿಂಗಿನ ಗೆರೆಯೇ ಬೇರೆ. ವೈರಿಗೆ ಬಟ್ಟೆಯ ಟೇಪು ಸುತ್ತಿದ್ದರೆ ಒಂದು ಕಾಲ, ಪ್ಲಾಸ್ಟಿಕ್ ಟೈ ಕಟ್ಟಿದ್ದರೆ ಇನ್ನೊಂದು ಕಾಲ. ಬಾಗಿಲಿನ ಬೀಡಿಂಗ್ ಎತ್ತಿ ನೋಡಿದರೆ ಬಣ್ಣದ ಪದರ ಎಣಿಸಬಹುದು. ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದರೆ ಪುಟ್ಟಿ ಎಲ್ಲಿ ದಪ್ಪಗಿದೆ ಅಂತ ತಿಳಿಯುತ್ತದೆ. ಆದರೆ ಎಲ್ಲಕ್ಕಿಂತ ಜಾಸ್ತಿ ತೂಕ ಒಂದು ಹಳೇ ಫೋಟೋಗೆ. ಮದುವೆ ಆಲ್ಬಮ್ಮಿನಲ್ಲಿ, ಟ್ರಂಕಿನ ತಳದಲ್ಲಿ ಹುಡುಕಿ. ಗ್ಯಾರೇಜಿನ ಒಂದು ಬಿಲ್ ಸಿಕ್ಕರೂ ಸಾಕು.

ತೀರ್ಪುಗಾರರೂ ತಪ್ಪು ಮಾಡುತ್ತೇವೆ. ಒಮ್ಮೆ ಒಂದು ಕಾಂಟೆಸಾದಲ್ಲಿ (ಅಂಬಾಸಿಡರ್ ಕಂಪನಿಯವರದೇ ಇನ್ನೊಂದು ಕಾರು) ಜಪಾನಿನ ಇಸುಝು ಎಂಜಿನ್ ನೋಡಿ ಜೊತೆಯವರೊಬ್ಬರು ‘ಎಂಜಿನ್ ಬದಲಾಗಿದೆ’ ಅಂತ ಅಂಕ ಕತ್ತರಿಸಲು ಹೊರಟರು. 1984ರಲ್ಲಿ ಬಂದ ಮೊದಲ ಕಾಂಟೆಸಾಗಳಲ್ಲಿ ಅಂಬಾಸಿಡರಿನ 1489 ಸಿಸಿ ಎಂಜಿನ್ ಇತ್ತು, ನಿಜ. ಆಮೇಲೆ ಕಂಪನಿಯೇ ಇಸುಝು 1.8 ಲೀಟರ್ ಎಂಜಿನ್ ಹಾಕಿತು. ಆರ್‌ಸಿ ತರಿಸಿ ಎಂಜಿನ್ ನಂಬರ್ ನೋಡಿದೆವು, ತಾಳೆಯಾಯಿತು. ಹಾಗಾಗಿ ಆರ್‌ಸಿ ನೋಡದೆ ನಾನು ಯಾವ ಗಾಡಿಯ ಮೇಲೂ ಮಾತಾಡುವುದಿಲ್ಲ.

ಇನ್ನೊಂದು ಎಚ್ಚರಿಕೆ. ಪ್ರದರ್ಶನದ ಅಂಕ ಬೇರೆ, ಆರ್‌ಟಿಒ ಬೇರೆ. 2021ರ ಜುಲೈನಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ನಂಬರಿನಲ್ಲಿ ‘ವಿಎ’ ಅಂತ ಬರುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನಾನು ಬಹುಮಾನ ಕೊಟ್ಟ ಗಾಡಿಗೆ ಆ ನಂಬರ್ ಸಿಗದೇ ಹೋಗಬಹುದು. ರಸ್ತೆಗೆ ಇಳಿಸುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ನಾನು ವಕೀಲನಲ್ಲ. ಮತ್ತೆ, ಚಾಸಿ ನಂಬರ್ ಮಾಸಿದೆ ಅಂತ ಅದನ್ನು ಉಜ್ಜಿಸಿ ಮತ್ತೆ ಹೊಡೆಸಲು ದಯವಿಟ್ಟು ಹೋಗಬೇಡಿ. ಮಾಸಿದ ನಂಬರಿಗೆ ನಾನು ಅಂಕ ಕಳೆಯುವುದಿಲ್ಲ. ಉಜ್ಜಿದ ಗುರುತು ಕಂಡರೆ ಆ ಗಾಡಿಯನ್ನು ಸಾಲಿನಿಂದಲೇ ಹೊರಗೆ ಇಡುತ್ತೇನೆ.

ಭಾಗ ಕಳೆದುಹೋಗಿದ್ದರೆ ನಕಲು ಮಾಡಿಸಿ, ತಪ್ಪಿಲ್ಲ. ‘ಇದು ನಕಲು, ಇಂಥ ವರ್ಷ ಮಾಡಿಸಿದ್ದು’ ಅಂತ ಒಂದು ಚೀಟಿ ಬರೆದು ಡ್ಯಾಶ್‌ಬೋರ್ಡಿನ ಮೇಲೆ ಇಡಿ. ಚೀಟಿ ಇಟ್ಟವರಿಗೆ ನಾನು ಕಮ್ಮಿ ಅಂಕ ಕಳೆಯುತ್ತೇನೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಜಾಸ್ತಿ.

ಶಿಡ್ಲಘಟ್ಟದ ಹುಡುಗ ಹೋದ ತಿಂಗಳು ಫೋನ್ ಮಾಡಿದ್ದ. ಗುಜರಿಯವನ ಹತ್ತಿರ ಮೂರು ಸಲ ಹೋಗಿ ಹುಡುಕಿದನಂತೆ. ಮ್ಯಾನಿಫೋಲ್ಡ್ ಕರಗಿಹೋಗಿದೆ. ಒಂದು ಕಾರ್ಬ್ಯುರೇಟರ್ ಸಿಕ್ಕಿದೆ, ಇನ್ನೊಂದಿಲ್ಲ. ತಾಯಿ ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಳೇ ಪಂಚೆಯಲ್ಲಿ ಸುತ್ತಿ ಎತ್ತಿಟ್ಟಿದ್ದಾರೆ. ಟ್ರಂಕಿನಲ್ಲಿ ಶೋಲಾವರಂನ ಒಂದು ಫೋಟೋ ಕೂಡ ಸಿಕ್ಕಿದೆ, ಬಾನೆಟ್ ತೆರೆದಿರುವಾಗ ತೆಗೆದದ್ದು. ಮ್ಯಾನಿಫೋಲ್ಡಿನ ಅಳತೆಯನ್ನು ಅದರಿಂದ ಅಂದಾಜು ಮಾಡಬಹುದಾ ಅಂತ ಕೇಳಿದ. ಫೋಟೋ ನೋಡದೆ ಹೇಳಲಾರೆ ಅಂದೆ. ಈ ಭಾನುವಾರ ಹೋಗುತ್ತಿದ್ದೇನೆ.